ಕಂಪೌಂಡ್ ಕಟ್ಟಿಸುವ ಮೊದಲು: ಕಾಸರಗೋಡಿನ ಕಡೆಯವರಿಗೆ ಒಂದು ಬೇಲಿ ಲೆಕ್ಕ

ಬೇಲಿ ಹಾಕಿಸಲು ಹೊರಟವರು ಮೊದಲು ಕೇಳುವುದು "ಅಡಿಗೆ ಎಷ್ಟು ರೇಟು?" ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ತಲಪಾಡಿಯಿಂದ ಮುಳ್ಳೇರಿಯದವರೆಗೆ ಎಲ್ಲಿ ನೋಡಿದರೂ ಬೇಲಿಯ ಖರ್ಚು ಕೈಮೀರುವುದು ಎರಡೇ ಕಾರಣಕ್ಕೆ. ಗಡಿ ಸರಿಯಾಗಿ ಗೊತ್ತಿಲ್ಲದೆ ಕಟ್ಟಿದ್ದು, ಇಲ್ಲವೇ ನೀರು ಹೋಗುವ ದಾರಿ ಮುಚ್ಚಿದ್ದು. ಕಂಟ್ರಾಕ್ಟರ್ ಅಡಿಗೆ ಹತ್ತು ರೂಪಾಯಿ ಜಾಸ್ತಿ ತಗೊಂಡ ಅಂತ ಮುಳುಗಿದವರನ್ನು ನಾನು ನೋಡಿಲ್ಲ. ಕಟ್ಟಿದ ಗೋಡೆ ಒಡೆದು ಒಂದಡಿ ಒಳಗೆ ಮತ್ತೆ ಕಟ್ಟಿದವರು, ಜುಲೈ ತಿಂಗಳಲ್ಲಿ ಮಗುಚಿ ಬಿದ್ದ ಕಲ್ಲು ಹೆಕ್ಕಿದವರು ಮಾತ್ರ ಬೇಕಾದಷ್ಟು ಇದ್ದಾರೆ. ಹಾಗಾಗಿ ಇಲ್ಲಿ ರೇಟಿನ ಮಾತು ಸ್ವಲ್ಪ ತಡವಾಗಿ ಬರುತ್ತದೆ.

ಗಡಿ ಎಲ್ಲಿ ಅಂತ ಮೊದಲು ತಿಳಿಯಿರಿ

ದಸ್ತಾವೇಜು ಮತ್ತು ಈ ವರ್ಷದ ತೀರ್ವೆ (ಭೂಕಂದಾಯ) ರಶೀದಿ ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಿ. ಹಳೆಯ ದಸ್ತಾವೇಜಿನಲ್ಲಿ ಸೆಂಟ್ ಇರುತ್ತದೆ, ರಶೀದಿಯಲ್ಲಿ ಆರ್ ಇರುತ್ತದೆ. 1 ಆರ್ ಅಂದರೆ 2.47 ಸೆಂಟ್. 25 ಸೆಂಟ್ ಜಾಗೆ ಇದ್ದರೆ ರಶೀದಿಯಲ್ಲಿ ಹೆಚ್ಚುಕಡಿಮೆ 10.12 ಆರ್ ಕಾಣಬೇಕು. 9.70 ಅಂತ ಇದ್ದರೆ ಒಂದು ಸೆಂಟ್ ಎಲ್ಲೋ ಹೋಗಿದೆ. ಅದು ರಸ್ತೆಗೆ ಹೋಯಿತೋ, ನೆರೆಯವರ ಕಡೆಗೆ ಹೋಯಿತೋ, ಇಲ್ಲ ಬರೆಯುವಾಗಲೇ ತಪ್ಪಿತೋ ಅನ್ನುವುದು ಗೋಡೆ ಕಟ್ಟುವ ಮೊದಲೇ ಗೊತ್ತಾಗಬೇಕು.

ಈಗ ಇನ್ನೊಂದು ವಿಷಯ ಸೇರಿಕೊಂಡಿದೆ. ಕೇರಳದಲ್ಲಿ 2022ರ ನವೆಂಬರ್ 1ರಂದು ಡಿಜಿಟಲ್ ರೀಸರ್ವೆ ಶುರುವಾಯಿತು. ಕಂದಾಯ, ಸರ್ವೆ, ನೋಂದಣಿ ಮೂರನ್ನೂ ಒಂದೇ ಕಡೆ ತರುವ 'ಎನ್ಟೆ ಭೂಮಿ' ಪೋರ್ಟಲ್ 2024ರಲ್ಲಿ ಮೊದಲು ಬಂದದ್ದು ನಮ್ಮ ಮಂಜೇಶ್ವರ ತಾಲೂಕಿನ ಉಜಾರ್ ಉಳುವಾರು ಗ್ರಾಮಕ್ಕೇ. ನಿಮ್ಮ ಗ್ರಾಮದಲ್ಲಿ ಸರ್ವೆ ನಡೆಯುತ್ತಿದ್ದರೆ ಕರಡು ದಾಖಲೆ ಪ್ರಕಟವಾಗುವವರೆಗೆ ಕಲ್ಲಿನ ಗೋಡೆಗೆ ಕೈ ಹಾಕಬೇಡಿ. ಕರಡಿನಲ್ಲಿ ತಪ್ಪಿದ್ದರೆ ಆಗಲೇ ಆಕ್ಷೇಪ ಕೊಡಬಹುದು. ಅಂತಿಮ ಆದ ಮೇಲೆ ಸರಿಪಡಿಸುವುದಕ್ಕೆ ತಾಲೂಕು ಕಚೇರಿಯ ಮೆಟ್ಟಿಲು ಹತ್ತಿ ಇಳಿಯುವುದೇ ಕೆಲಸವಾಗುತ್ತದೆ. ಅಂದಹಾಗೆ ನಮ್ಮ ಜಿಲ್ಲೆಯಲ್ಲಿ ಅರ್ಜಿಯನ್ನು ಕನ್ನಡದಲ್ಲೇ ಕೊಡಬಹುದು. 1969ರ ಕೇರಳ ಅಧಿಕೃತ ಭಾಷೆಗಳ ಕಾಯಿದೆಯಲ್ಲೇ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ ಆ ಅವಕಾಶ ಇದೆ. ಕೌಂಟರಿನಲ್ಲಿ ಯಾರಾದರೂ ಮುಖ ಸಿಂಡರಿಸಿದರೂ ಹೆದರಬೇಕಾಗಿಲ್ಲ.

ಸರ್ವೆ ಕಲ್ಲು ಕಾಣುತ್ತಿಲ್ಲ ಅಂತಾದರೆ ಅಳತೆಗೆ ತಾಲೂಕು ಕಚೇರಿಗೆ ಅರ್ಜಿ ಹಾಕಿ. ಖಾಸಗಿ ಸರ್ವೆಯವರು ಬೇಗ ಬರುತ್ತಾರೆ, ಒಂದು ಅಂದಾಜಿಗೆ ಒಳ್ಳೆಯದೇ. ಆದರೆ ನೆರೆಯವರಿಗೆ ತಕರಾರು ಇದ್ದರೆ ಅವರ ಅಳತೆ ನಿಲ್ಲುವುದಿಲ್ಲ. ಸರಕಾರಿ ಅಳತೆಗೆ ಅಕ್ಕಪಕ್ಕದವರಿಗೆ ನೋಟೀಸು ಹೋಗುತ್ತದೆ, ಅದೇ ಅದರ ಬಲ. ಇರುವ ಸರ್ವೆ ಕಲ್ಲನ್ನು ಮಾತ್ರ ನೀವಾಗಿ ಕೀಳಬೇಡಿ, ಜೆಸಿಬಿಯವನಿಗೆ ಕೀಳಲೂ ಬಿಡಬೇಡಿ. ಅದು ಅಪರಾಧ.

ಅಳತೆ ಆದ ದಿನವೇ ಒಂದು ಕೆಲಸ ಮಾಡಿ. ಎರಡು ಕಲ್ಲುಗಳ ನಡುವೆ ನೈಲಾನ್ ಹುರಿ ಬಿಗಿಯಾಗಿ ಎಳೆಯಿರಿ. ನೆರೆಯವರನ್ನು ಕರೆದು ಆ ಹುರಿಯ ಉದ್ದಕ್ಕೂ ಒಟ್ಟಿಗೆ ನಡೆಯಿರಿ. ಅವರ ತೆಂಗಿನ ಬುಡದಿಂದ ಹುರಿ ಎಷ್ಟು ದೂರ ಹೋಗುತ್ತದೆ, ನಿಮ್ಮ ಬಾವಿಕಟ್ಟೆಯಿಂದ ಎಷ್ಟು ದೂರ ಅಂತ ಟೇಪ್ ಹಿಡಿದು, ಟೇಪಿನ ಅಂಕೆ ಕಾಣುವ ಹಾಗೆ ಫೋಟೋ ತೆಗೆದು ಅವರ ವಾಟ್ಸಾಪಿಗೂ ಕಳಿಸಿಬಿಡಿ. ಕಲ್ಲು ನಾಳೆ ಮಣ್ಣಿನಡಿ ಹೋದರೂ ತೆಂಗಿನ ಮರ ಅಲ್ಲೇ ಇರುತ್ತದೆ.

ಇನ್ನು ಹುರಿ ಹೋದದ್ದು ಗಡಿ, ಗೋಡೆ ಹೋಗಬೇಕಾದದ್ದು ಅಲ್ಲಿ ಅಲ್ಲ. ಇದನ್ನು ಜಾಸ್ತಿ ಜನ ಮರೆಯುತ್ತಾರೆ. 8 ಇಂಚು ದಪ್ಪದ ಗೋಡೆಗೆ ಪಂಚಾಂಗ, ಅಂದರೆ ಅಡಿಪಾಯ, 18 ಇಂಚು ಅಗಲ ಇದ್ದರೆ ಗೋಡೆಯ ಎರಡೂ ಬದಿಗೆ 5 ಇಂಚು ಪಂಚಾಂಗ ಚಾಚಿಕೊಂಡಿರುತ್ತದೆ. ಗೋಡೆಯ ಹೊರಮುಖವನ್ನು ಹುರಿಗೆ ಸರಿಯಾಗಿ ನಿಲ್ಲಿಸಿದರೆ ಮಣ್ಣಿನಡಿಯ ಆ 5 ಇಂಚು ನೆರೆಯವರ ಜಾಗೆಯಲ್ಲಿ. ಮೇಸ್ತ್ರಿಗೆ ಇದನ್ನು ಹೇಳದಿದ್ದರೆ ಅವರು ಗೋಡೆಯನ್ನೇ ಹುರಿಗೆ ಕಟ್ಟುತ್ತಾರೆ, ಯಾಕೆಂದರೆ ಮಾಲೀಕರಿಗೆ ಅದೇ ಇಷ್ಟ ಅಂತ ಅವರಿಗೆ ಗೊತ್ತು. ಇಬ್ಬರೂ ಒಪ್ಪಿ, ಖರ್ಚು ಅರ್ಧ ಅರ್ಧ ಹಾಕಿ ಗಡಿಯ ಮೇಲೆಯೇ ಕಟ್ಟುವುದಾದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ ಇಟ್ಟುಕೊಳ್ಳಿ. ಅಣ್ಣತಮ್ಮಂದಿರ ನಡುವಿನ ಪಾಲಿನ ಜಾಗೆಯಾದರೆ ಎರಡು ಕಾಗದ ಬರೆಯಿರಿ!

ಕಾಲುದಾರಿ ಮತ್ತು ತಡಮೆ

ನಮ್ಮಲ್ಲಿ ಒಬ್ಬರ ಅಂಗಳದ ಬದಿಯಿಂದಲೇ ಇನ್ನೊಬ್ಬರ ಮನೆಗೆ, ಗುಡ್ಡೆಗೆ, ಭಜನಾಮಂದಿರಕ್ಕೆ ದಾರಿ ಇರುವುದು ಹೊಸತೇನಲ್ಲ. ಹಳೆಯ ಬೇಲಿಗಳಲ್ಲಿ ತಡಮೆ ಇಡುತ್ತಿದ್ದದ್ದೇ ಅದಕ್ಕೆ. ದನ ದಾಟಬಾರದು, ಜನ ದಾಟಬಹುದು. ಹೊಸ ಕಂಪೌಂಡ್ ಹಾಕುವಾಗ ಆ ದಾರಿ ಮುಚ್ಚಿದರೆ ಜಗಳ ಗ್ಯಾರಂಟಿ, ಮತ್ತು ಜಗಳದಲ್ಲಿ ನೀವೇ ಗೆಲ್ಲುತ್ತೀರಿ ಅಂತ ಇಲ್ಲ. 1882ರ ಭಾರತೀಯ ಸುಖಾನುಭವ ಕಾಯಿದೆ (ಈಸ್‌ಮೆಂಟ್ಸ್ ಆ್ಯಕ್ಟ್) ಪ್ರಕಾರ 20 ವರ್ಷ ಯಾರ ಅಡ್ಡಿಯೂ ಇಲ್ಲದೆ, ಅನುಮತಿ ಕೇಳದೆ, ಹಕ್ಕು ಅಂತಲೇ ಬಳಸಿದ ದಾರಿಗೆ ಹಕ್ಕು ಹುಟ್ಟಬಹುದು. ನೀರು ಹರಿಯುವ ಕಣಿಗೂ ಅದೇ ಮಾತು. ಪ್ಲಾನ್ ಹಾಕುವ ಮೊದಲೇ ಆ ದಾರಿಯವರ ಹತ್ತಿರ ಮಾತಾಡಿ. ದಾರಿಯನ್ನು ಮೂಲೆಗೆ ಸರಿಸಿ ಒಂದು ಮೂರಡಿ ಸಣ್ಣ ಗೇಟು ಇಟ್ಟರೆ ಹೆಚ್ಚಿನವರು ಒಪ್ಪುತ್ತಾರೆ.

ಯಾವ ಬೇಲಿ?

ಇದು ನಿಮ್ಮ ವೈರಿ ಯಾರು ಅನ್ನುವುದರ ಮೇಲೆ. ದನ, ಆಡು, ಬೀದಿನಾಯಿ ಆದರೆ ಒಂದು ಲೆಕ್ಕ. ಕಾಡುಹಂದಿ ಆದರೆ ಬೇರೆಯೇ ಲೆಕ್ಕ. ಮಂಗ ಮತ್ತು ನವಿಲಿಗೆ ಬೇಲಿ ಹಾಕುತ್ತೇನೆ ಅಂದವರು ಸುಮ್ನೆ ದುಡ್ಡು ಹಾಳು ಮಾಡುತ್ತಾರೆ, ಅಷ್ಟೇ.

ಕೆಂಪುಕಲ್ಲಿನ ಗೋಡೆ ನಮ್ಮ ಕಡೆಯ ಮಾಮೂಲಿ ಆಯ್ಕೆ. ಕಲ್ಲು ಹತ್ತಿರದಲ್ಲೇ ಸಿಗುತ್ತದೆ, ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತಾ ಹೋಗುತ್ತದೆ, ಗಾರೆ ಬಳಿಯದೆ ಸಂದು ಮಾತ್ರ ಪಾಯಿಂಟಿಂಗ್ ಮಾಡಿದರೂ ನಡೆಯುತ್ತದೆ. ರಸ್ತೆಬದಿಗೆ, ಮನೆಯೆದುರಿಗೆ ಇದು ಚೆಂದ. ಆದರೆ ಅರ್ಧ ಎಕ್ರೆ ಅಡಿಕೆ ತೋಟದ ಸುತ್ತ ಐದಡಿ ಕಲ್ಲಿನ ಗೋಡೆ ಯಾಕೆ ಬೇಕು ಅಂತ ನನಗೆ ಇನ್ನೂ ಅರ್ಥ ಆಗಿಲ್ಲ.

ತೋಟದ ಮತ್ತು ಹಿತ್ತಿಲಿನ ಕಡೆಗೆ ಕಾಂಕ್ರೀಟ್ ಕಂಬ, ಚೈನ್‌ಲಿಂಕ್ ಬಲೆ ಸಾಕು. ಹಂದಿಯ ಕಾಟ ಇದ್ದರೆ ಬಲೆಯ ಕೆಳಗೆ ಎರಡು ವರಸೆ ಕೆಂಪುಕಲ್ಲು ಇಡಿಸಿ. ಹಂದಿ ಹಾರುವುದು ಕಡಿಮೆ, ಬುಡಕ್ಕೆ ಮೂತಿ ಹಾಕಿ ಎತ್ತುವುದು ಜಾಸ್ತಿ. ಬಲೆ ನೆಲಕ್ಕೆ ತಾಗಿ ನಿಂತಿದೆ ಅಂದರೆ ಅದಕ್ಕೆ ಲೆಕ್ಕವೇ ಇಲ್ಲ. ಕಲ್ಲು ಬೇಡ ಅಂತಾದರೆ ಬಲೆಯನ್ನು ಒಂದಡಿ ಮಣ್ಣಿನೊಳಗೆ ಹೂತು ಬಿಡಬೇಕು. ಬದಿಯಡ್ಕ, ಎಣ್ಮಕಜೆ, ಕಾರಡ್ಕ, ದೇಲಂಪಾಡಿ ಕಡೆಯ ಕೃಷಿಕರಿಗೆ ಇದನ್ನು ನಾನು ಹೇಳಬೇಕಾಗಿಲ್ಲ, ಪೇಟೆ ಬದಿಯ ಕಂಟ್ರಾಕ್ಟರಿಗೆ ಮಾತ್ರ ಹೇಳಬೇಕು.

ಜೀವಂತ ಬೇಲಿಯನ್ನು ಮರೆಯಬೇಡಿ. ಗ್ಲಿರಿಸೀಡಿಯ, ಅಂದರೆ ಗೊಬ್ಬರದ ಗಿಡದ ಗೆಲ್ಲುಗಳನ್ನು ಮಳೆ ಶುರುವಾಗುವಾಗ ಒತ್ತೊತ್ತಾಗಿ ಊರಿದರೆ ಬದುಕುತ್ತವೆ, ಸೊಪ್ಪು ತೋಟಕ್ಕೆ ಹಸಿರು ಗೊಬ್ಬರ ಆಗುತ್ತದೆ, ಖರ್ಚು ಕೂಲಿ ಮಾತ್ರ. ವರ್ಷಕ್ಕೆರಡು ಸಲ ಸವರಬೇಕು. ಹೊಸ ಜಾಗೆ ತಗೊಂಡು ಮನೆ ಕಟ್ಟಲು ಇನ್ನೂ ನಾಲ್ಕೈದು ವರ್ಷ ಇದೆ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಬೇಲಿ ಇಲ್ಲ.

ಕರೆಂಟ್ ಬೇಲಿಯ ಬಗ್ಗೆ ಒಂದೇ ಮಾತು. ಮನೆಯ ಲೈನಿನಿಂದ ತಂತಿಗೆ ನೇರ ಕರೆಂಟ್ ಕೊಡುವುದು ಅಪರಾಧ, ಮತ್ತು ಜನ ಸಾಯುತ್ತಾರೆ. ಸೋಲಾರ್ ಬೇಲಿ ಬೇರೆ: ಅದಕ್ಕೆಂದೇ ಮಾಡಿದ ಎನರ್ಜೈಸರ್ ಪೆಟ್ಟಿಗೆ ಬಿಟ್ಟು ಬಿಟ್ಟು ಕ್ಷಣಮಾತ್ರದ ಹೊಡೆತ ಕೊಡುತ್ತದೆ, ಪ್ರಾಣಿ ಹೆದರಿ ಓಡುತ್ತದೆ, ಸಾಯುವುದಿಲ್ಲ. ಅದನ್ನೂ ಗೊತ್ತಿದ್ದವರ ಕೈಯಲ್ಲೇ, ಸರಿಯಾದ ಅರ್ಥಿಂಗ್ ಮತ್ತು ಎಚ್ಚರಿಕೆ ಫಲಕದೊಂದಿಗೆ ಹಾಕಿಸಿ. ಮಳೆಗಾಲದಲ್ಲಿ ಹುಲ್ಲು ಬೆಳೆದು ತಂತಿಗೆ ತಾಗಿದರೆ ಹೊಡೆತ ಎಲ್ಲ ಮಣ್ಣಿಗೆ ಇಳಿದುಹೋಗುತ್ತದೆ. ಹುಲ್ಲು ಸವರಲು ಜನ ಇಲ್ಲದವರು ಈ ಆಸೆ ಬಿಡುವುದೇ ಒಳ್ಳೆಯದು. ಹಾಕುವ ಮೊದಲು ಕೃಷಿ ಭವನದಲ್ಲಿ ಒಮ್ಮೆ ವಿಚಾರಿಸಿ, ಆ ವರ್ಷ ಬೇಲಿಗೆ ಸಹಾಯಧನ ಏನಾದರೂ ಇದ್ದರೆ ಅಲ್ಲೇ ಗೊತ್ತಾಗುತ್ತದೆ.

ನೀರು, ಇಳಿಜಾರು, ಮಣ್ಣು

ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಇಲ್ಲಿ ಕಂಪೌಂಡ್ ಬೀಳುವುದು ಕಲ್ಲು ಕೆಟ್ಟದಾಗಿ ಅಲ್ಲ, ಗೋಡೆಯ ಹಿಂದೆ ನೀರು ನಿಂತು ಮಣ್ಣು ಭಾರವಾಗಿ ದೂಡುವುದರಿಂದ.

ಮೊದಲು ಒಂದು ವ್ಯತ್ಯಾಸ ತಿಳಿಯಿರಿ. ಎರಡೂ ಬದಿಯಲ್ಲಿ ನೆಲ ಒಂದೇ ಮಟ್ಟ ಇದ್ದರೆ ಅದು ಕಂಪೌಂಡ್. ಒಂದು ಬದಿಯ ಮಣ್ಣು ಎರಡಡಿ, ಮೂರಡಿ ಎತ್ತರ ಇದ್ದು ಗೋಡೆ ಅದನ್ನು ಹಿಡಿದು ನಿಲ್ಲಬೇಕು ಅಂತಾದರೆ ಅದು ತಡೆಗೋಡೆ. ತಡೆಗೋಡೆಗೆ 8 ಇಂಚಿನ ಕೆಂಪುಕಲ್ಲು ಸಾಕಾಗುವುದಿಲ್ಲ. ಬುಡದಲ್ಲಿ ಅಗಲವಾಗಿ, ಮೇಲೆ ಹೋದಂತೆ ಕಿರಿದಾಗಿ ಕಗ್ಗಲ್ಲಿನಲ್ಲಿ ಕಟ್ಟಬೇಕು, ಎತ್ತರ ಜಾಸ್ತಿ ಇದ್ದರೆ ಇಂಜಿನಿಯರಿಗೆ ತೋರಿಸಬೇಕು. ಗುಡ್ಡೆ ತಗ್ಗಿಸಿ ಮನೆ ಕಟ್ಟಿದ ಜಾಗೆಗಳಲ್ಲಿ ಹಿಂದಿನ ದರೆಗೆ ಕಂಪೌಂಡಿನ ರೇಟಿನಲ್ಲಿ ಗೋಡೆ ಕಟ್ಟಿಕೊಡುತ್ತೇನೆ ಅಂದವರನ್ನು ನಂಬಲೇಬೇಡಿ.

ಗೋಡೆ ಯಾವುದೇ ಇರಲಿ, ಬುಡದಲ್ಲಿ ನೀರು ಹೋಗಲು ತೂತು ಬೇಕು. 3 ಇಂಚಿನ ಪಿವಿಸಿ ಪೈಪಿನ ತುಂಡುಗಳನ್ನು ಐದಾರು ಅಡಿಗೊಂದರಂತೆ, ಹೊರಗಡೆಗೆ ಸ್ವಲ್ಪ ತಗ್ಗಿಸಿ ಇಡಿಸಿ. ಪೈಪಿನ ಒಳಬಾಯಿಗೆ ಜಲ್ಲಿ ತುಂಬಿಸಿದರೆ ಮಣ್ಣು ಕಟ್ಟಿಕೊಳ್ಳುವುದಿಲ್ಲ. ಆ ನೀರು ನೆರೆಯವರ ಅಂಗಳಕ್ಕೆ ಬೀಳುತ್ತದೋ ಕಣಿಗೆ ಬೀಳುತ್ತದೋ ಅಂತ ನೋಡಿಕೊಳ್ಳಿ. ಜಾಗೆಯ ಅಡ್ಡಕ್ಕೆ ತೋಡು ಹೋಗುತ್ತಿದ್ದರೆ, ಬೇಸಗೆಯಲ್ಲಿ ಅದು ಒಣಗಿ ಸಣ್ಣ ಚರಂಡಿಯ ಹಾಗೆ ಕಾಣುತ್ತದೆ, ಅದನ್ನು ನೋಡಿ ಮೋಸ ಹೋಗಬೇಡಿ. ತೋಡಿನ ಎರಡೂ ಬದಿಯಲ್ಲಿ ಮಳೆಗಾಲದ ಗುರುತು ಇರುತ್ತದೆ: ಕಲ್ಲಿನ ಮೇಲಿನ ಪಾಚಿ, ಬುಡ ತೊಳೆದುಹೋದ ಬೇರು. ಆ ಗುರುತಿನ ಅಳತೆಗೆ ಕಿಂಡಿ ಬಿಡಿ.

ಪಂಚಾಂಗಕ್ಕೆ ಎಷ್ಟು ಆಳ ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಮುರಪಾರೆ, ಅಂದರೆ ಕೆಂಪುಕಲ್ಲಿನ ಬಂಡೆ, ಇರುವಲ್ಲಿ ಅರ್ಧ ಅಡಿ ಕೆತ್ತಿದರೆ ಗಟ್ಟಿ ನೆಲ ಸಿಗುತ್ತದೆ, ಅಲ್ಲಿಂದಲೇ ಕಟ್ಟಬಹುದು. ಗದ್ದೆ ತುಂಬಿಸಿದ ಜಾಗೆ, ಕುಂಬಳೆ ಮಂಜೇಶ್ವರದ ಕಡಲ ಬದಿಯ ಹೊಯಿಗೆ (ಮರಳು) ನೆಲ ಆದರೆ ತುಂಬ ಆಳ ಹೋಗಬೇಕು, ಪಂಚಾಂಗದ ಮೇಲೆ ಕಂಬಿ ಹಾಕಿ ಕಾಂಕ್ರೀಟ್ ಬೆಲ್ಟ್ ಕೊಡಬೇಕು. ಕಂಟ್ರಾಕ್ಟರ್ ಜಾಗೆ ನೋಡಲು ಬಂದಾಗ ಎರಡು ಮೂರು ಕಡೆ ಹಾರೆಯಿಂದ ಕುತ್ತಿ ನೋಡಿದರೆ ಅವರಿಗೆ ಕೆಲಸ ಗೊತ್ತಿದೆ ಅಂತ ಲೆಕ್ಕ. ಗೇಟಿನ ಹತ್ತಿರ ನಿಂತೇ ರೇಟು ಹೇಳಿದರೆ ಬೇರೆಯವರನ್ನು ಹುಡುಕಿ.

ಪಂಚಾಯತ್ ಅನುಮತಿ

ಇಬ್ಬರು ಖಾಸಗಿಯವರ ಜಾಗೆಯ ನಡುವಿನ ಮಾಮೂಲಿ ಬೇಲಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ರಸ್ತೆ, ಸರಕಾರಿ ಜಾಗೆ, ತೋಡು ಹೊಳೆ ಕೆರೆಗಳಿಗೆ ತಾಗಿ ಕಟ್ಟುವ ಕಂಪೌಂಡಿಗೆ ಪಂಚಾಯತ್ ಅನುಮತಿ ಬೇಕು. ಅರ್ಜಿ ಈಗ ಸ್ಥಳೀಯಾಡಳಿತದ ಆನ್‌ಲೈನ್ ಪೋರ್ಟಲ್ ಆದ ಕೆ-ಸ್ಮಾರ್ಟ್‌ನಲ್ಲಿ. 2025ರ ಏಪ್ರಿಲ್‌ನಿಂದ ಗ್ರಾಮ ಪಂಚಾಯತ್‌ಗಳಿಗೂ ಅದು ಬಂದಿದೆ. ಕಂಪ್ಯೂಟರ್ ಅಭ್ಯಾಸ ಇಲ್ಲದವರು ಅಕ್ಷಯ ಕೇಂದ್ರಕ್ಕೆ ಹೋಗಿ. ರಸ್ತೆ ಅಗಲ ಮಾಡುವ ಯೋಜನೆ ಇದೆಯಾ ಅಂತ ವಾರ್ಡ್ ಮೆಂಬರ್ ಹತ್ತಿರ ಬಾಯಿಮಾತಿನಲ್ಲಿ ಕೇಳಿಡುವುದೂ ಒಳ್ಳೆಯದು. ರಾಷ್ಟ್ರೀಯ ಹೆದ್ದಾರಿ 66ರ ಬದಿಯವರು ಆರು ಪಥದ ಕೆಲಸದಲ್ಲಿ ಕಂಪೌಂಡ್ ಹೋದದ್ದನ್ನು ಕಣ್ಣಾರೆ ಕಂಡಿದ್ದಾರೆ, ಅವರಿಗೆ ಹೇಳಬೇಕಾಗಿಲ್ಲ. ಗೇಟು ಒಳಗಡೆಗೆ ತೆರೆಯಬೇಕು, ರಸ್ತೆಗೆ ತೆರೆಯಬಾರದು. ಒಳಗೆ ಜಾಗ ಇಲ್ಲ, ಇಲ್ಲವೇ ಏರು ಇದೆ ಅಂತಾದರೆ ಜಾರುವ ಗೇಟು ಇಡಿ. ಅಗಲ 10 ಅಡಿಗಿಂತ ಕಡಿಮೆ ಬೇಡ, ಮುಂದೆ ಬಾವಿ ತೋಡಲೋ ಮಹಡಿ ಕಟ್ಟಲೋ ಟಿಪ್ಪರ್ ಒಳಗೆ ಬರಬೇಕಲ್ವಾ? 12 ಅಡಿ ಆದರೆ ನೆಮ್ಮದಿ.

ಕಂಟ್ರಾಕ್ಟರನ್ನು ಹುಡುಕುವುದು

ಕನಿಷ್ಠ ಮೂರು ಜನರನ್ನು ಕರೆಯಿರಿ. ಫೋಟೋ ತೋರಿಸುವವರಿಗೆ "ಎರಡು ಮಳೆಗಾಲ ದಾಟಿದ ಕೆಲಸ ಒಂದು ತೋರಿಸಿ" ಅನ್ನಿ. ಹೊಸ ಗೋಡೆ ಎಲ್ಲರದ್ದೂ ಚೆಂದವೇ. ಹೋಗಿ ಆ ಮನೆಯವರ ಹತ್ತಿರ ಮಾತಾಡಿ. ಕೇಳಬೇಕಾದದ್ದು "ಕೆಲಸ ಹೇಗೆ?" ಅಂತ ಅಲ್ಲ, ಅದಕ್ಕೆ ಎಲ್ಲರೂ "ತೊಂದರೆ ಇಲ್ಲ" ಅಂತಾರೆ. "ಹೇಳಿದ ದುಡ್ಡಿಗಿಂತ ಎಷ್ಟು ಜಾಸ್ತಿ ಆಯಿತು? ನಡುವೆ ಎಷ್ಟು ದಿನ ಕೆಲಸ ಬಿಟ್ಟು ಹೋಗಿದ್ದರು?" ಅಂತ ಕೇಳಿ.

ಮೂವರಿಗೂ ಒಂದೇ ಅಳತೆ, ಒಂದೇ ವಿವರ ಕೊಡಿ. ಇಲ್ಲದಿದ್ದರೆ ಮೂರು ರೇಟು ಹೋಲಿಸಲು ಸಾಧ್ಯವೇ ಇಲ್ಲ. ಒಬ್ಬರು ರನ್ನಿಂಗ್ ಫೀಟಿನಲ್ಲಿ ಹೇಳುತ್ತಾರೆ, ಇನ್ನೊಬ್ಬರು ಚದರಡಿಯಲ್ಲಿ, ಹಳೆಯ ಮೇಸ್ತ್ರಿಯಾದರೆ ಕೋಲಿನಲ್ಲಿ. ಒಂದು ಕೋಲು ಅಂದರೆ 72 ಸೆಂಟಿಮೀಟರ್. ಚದರಡಿ ಲೆಕ್ಕದಲ್ಲಿ ಮಣ್ಣಿನೊಳಗಿನ ಪಂಚಾಂಗ ಸೇರಿದೆಯೋ ಇಲ್ಲವೋ ಅಂತ ಬಿಡಿಸಿ ಕೇಳಿ. ಕಡಿಮೆ ರೇಟಿನ ಗುಟ್ಟು ಹೆಚ್ಚಿನ ಸಲ ಅಲ್ಲೇ ಇರುತ್ತದೆ.

ಕಲ್ಲಿನ ಲೆಕ್ಕ ನೀವೂ ಒಮ್ಮೆ ಹಾಕಿ ನೋಡಿ. 100 ಅಡಿ ಉದ್ದ, 5 ಅಡಿ ಎತ್ತರ ಅಂದರೆ 500 ಚದರಡಿ. ಕಲ್ಲಿನ ಮುಖ 15 ಇಂಚು ಉದ್ದ, 8 ಇಂಚು ಎತ್ತರ, ಸಂದಿಗೆ ಅರ್ಧ ಇಂಚು ಅಂತಿಟ್ಟುಕೊಂಡರೆ ಒಂದು ಕಲ್ಲಿಗೆ ಸುಮಾರು 0.91 ಚದರಡಿ. ಸುಮಾರು 550 ಕಲ್ಲು, ಒಡೆದದ್ದು ಹೋದದ್ದು ಸೇರಿ 575. ಇದು ಪಂಚಾಂಗದ ಮೇಲಿನದು ಮಾತ್ರ. ಒಬ್ಬರು 800 ಅಂತ ಬರೆದರೆ ಯಾಕೆ ಅಂತ ಕೇಳಲು ನಿಮಗೆ ಬಾಯಿ ಬರುತ್ತದೆ. ಲೋಡ್ ಬಂದಾಗ ನಾಲ್ಕೈದು ಕಲ್ಲಿಗೆ ಟೇಪ್ ಹಿಡಿಯಿರಿ, ಕೋರೆಯಿಂದ ಕೋರೆಗೆ ಅಳತೆ ಬೇರೆ ಇರುತ್ತದೆ. ಕೈಯಲ್ಲಿ ಉಜ್ಜಿದರೆ ಪುಡಿಯಾಗುವ, ಬಿಳಿ ಮಣ್ಣಿನ ಪಟ್ಟೆ ಜಾಸ್ತಿ ಇರುವ ಕಲ್ಲನ್ನು ಇಳಿಸುವ ಮೊದಲೇ ವಾಪಸ್ ಕಳಿಸಿ. ಇಳಿಸಿದ ಮೇಲೆ ಅದು ನಿಮ್ಮ ಕಲ್ಲು.

ಚೈನ್‌ಲಿಂಕ್ ಆದರೆ ಮೋಸ ತಂತಿಯ ದಪ್ಪದಲ್ಲಿ. ಗೇಜ್ ಸಂಖ್ಯೆ ಜಾಸ್ತಿ ಆದಷ್ಟೂ ತಂತಿ ಸಪೂರ. 10 ಗೇಜ್ ಅಂದರೆ 3.25 ಮಿಲಿಮೀಟರ್, 12 ಗೇಜ್ 2.64. ನೋಡುವಾಗ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ, ಆದರೆ 12 ಗೇಜಿನ ಬಲೆಯಲ್ಲಿ ಇರುವ ಕಬ್ಬಿಣ 10 ಗೇಜಿನ ಮೂರನೇ ಎರಡು ಪಾಲು ಮಾತ್ರ. ಪ್ಲಾಸ್ಟಿಕ್ ಹೊದಿಸಿದ ಹಸಿರು ಬಲೆಯಲ್ಲಿ ಇನ್ನೂ ಜಾಗ್ರತೆ ಬೇಕು. ಹೊರಗಿಂದ ಅಳೆದರೆ 3 ಮಿಲಿಮೀಟರ್ ಇರುತ್ತದೆ, ತುದಿಯಲ್ಲಿ ಪ್ಲಾಸ್ಟಿಕ್ ಸುಲಿದು ನೋಡಿದರೆ ಒಳಗೆ 2 ಇರಬಹುದು. ರೋಲಿನ ತೂಕ ಕೇಳಿ, ಬಿಲ್ಲಿನಲ್ಲಿ ಗೇಜ್ ಮತ್ತು ತೂಕ ಎರಡನ್ನೂ ಬರೆಸಿ. ಕಡಲಿನ ಹತ್ತಿರದವರು ಸತುವಿನ ಲೇಪ ದಪ್ಪ ಇರುವುದನ್ನೇ ತಗೊಳ್ಳಿ, ಉಪ್ಪುಗಾಳಿಗೆ ತೆಳು ಲೇಪದ ತಂತಿ ಬೇಗನೆ ತುಕ್ಕು ಹಿಡಿಯುತ್ತದೆ.

ಕಂಬದ ಅಂತರವೂ ಹಾಗೆ. 200 ಅಡಿಗೆ 8 ಅಡಿಗೊಂದು ಅಂತ ಹಾಕಿದರೆ 26 ಕಂಬ, 10 ಅಡಿಗೊಂದು ಅಂತ ಹಾಕಿದರೆ 21. ಐದು ಕಂಬ ಕಡಿಮೆ ಮಾಡಿದವನ ರೇಟು ಕಡಿಮೆ ಇರುವುದು ಸಹಜ ತಾನೇ? 5 ಅಡಿ ಬಲೆಗೆ 7 ಅಡಿ ಕಂಬ ಬೇಕು, 2 ಅಡಿ ನೆಲದೊಳಗೆ ಹೋಗಬೇಕು, ಸುತ್ತ ಕಾಂಕ್ರೀಟ್ ತುಂಬಬೇಕು. ಮೂಲೆಗಳಲ್ಲಿ, ಗೇಟಿನ ಎರಡು ಬದಿಯಲ್ಲಿ, ಉದ್ದ ಸಾಲಿನ ನಡುನಡುವೆ ಓರೆಯಾಗಿ ಊರೆ ಕಂಬ ಬೇಕು. ಇಲ್ಲದಿದ್ದರೆ ಬಲೆ ಬಿಗಿದ ದಿನವೇ ಮೂಲೆಯ ಕಂಬ ಒಳಗೆ ವಾಲುತ್ತದೆ.

ಜಿಎಸ್‌ಟಿ ಬಗ್ಗೆ: ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು ದಾಟದ ಸಣ್ಣ ಮೇಸ್ತ್ರಿಗೆ ನೋಂದಣಿ ಕಡ್ಡಾಯ ಇಲ್ಲ. ನಂಬರ್ ಇಲ್ಲದವರು ಬಿಲ್ಲಿನಲ್ಲಿ ಜಿಎಸ್‌ಟಿ ಹಾಕುವ ಹಾಗೂ ಇಲ್ಲ. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28 ಶೇಕಡಾದಿಂದ 18ಕ್ಕೆ ಇಳಿದಿದೆ. ಅದಕ್ಕೂ ಹಿಂದಿನ ಕೊಟೇಶನ್ ಇಟ್ಟುಕೊಂಡವರು ಹೊಸತು ಕೇಳಿ.

ಕಾಗದ ಮತ್ತು ದುಡ್ಡು

ಸೈಟಿನಲ್ಲಿ ಮಾತು ತುಳುವಿನಲ್ಲಿ ಆಗುತ್ತದೆ, ಕಂಟ್ರಾಕ್ಟರ್ ಮಲಯಾಳದಲ್ಲಿ ಬರೆಯುತ್ತಾರೆ, ಕೆಲಸದವರಿಗೆ ಹಿಂದಿ ಮಾತ್ರ ಗೊತ್ತು. ನಡುವೆ ಏನಾದರೂ ಬಿಟ್ಟುಹೋಗದೆ ಇರುತ್ತದಾ? ಹಾಗಾಗಿ ಒಪ್ಪಂದ ಇಬ್ಬರಿಗೂ ಓದಲು ಬರುವ ಭಾಷೆಯಲ್ಲಿ ಇರಲಿ. ಮಲಯಾಳ ಓದಲು ಬಾರದಿದ್ದರೆ "ಸಹಿ ಹಾಕಿ, ಮತ್ತೆ ನೋಡುವ" ಅನ್ನುವ ಮಾತಿಗೆ ಬೀಳಬೇಡಿ, ಕನ್ನಡದಲ್ಲಿ ಒಂದು ಪ್ರತಿ ಬರೆದು ಅದಕ್ಕೂ ಸಹಿ ಹಾಕಿಸಿ. ದೊಡ್ಡ ಕೆಲಸವಾದರೆ ಮುದ್ರಾ ಕಾಗದದಲ್ಲೇ ಆಗಲಿ.

ಅದರಲ್ಲಿ ಬರಬೇಕಾದದ್ದು: ಗೋಡೆಯ ಉದ್ದ, ಎತ್ತರ, ದಪ್ಪ, ಪಂಚಾಂಗದ ಆಳ ಮತ್ತು ಅಗಲ. ಕಟ್ಟುವ ಗಾರೆ ಸಿಮೆಂಟ್ ಒಂದಕ್ಕೆ ಹೊಯಿಗೆ ಆರು, ಪಾಯಿಂಟಿಂಗ್ ಒಂದಕ್ಕೆ ನಾಲ್ಕು. ಬಲೆಯ ಗೇಜ್, ಕಂಬದ ಅಂತರ. ನೀರಿನ ಪೈಪು. ಹಳೆಯ ಬೇಲಿ ಕೀಳುವುದು, ಉಳಿದ ಮಣ್ಣು ಕಲ್ಲು ಸಾಗಿಸುವುದು ಯಾರ ಖರ್ಚು. ಅಗೆಯುವಾಗ ಪಾರೆ ಸಿಕ್ಕಿದರೆ ಬ್ರೇಕರ್ ಬಾಡಿಗೆ ಯಾರದ್ದು ಅನ್ನುವುದನ್ನು ನಮ್ಮ ಊರಿನಲ್ಲಿ ದಪ್ಪ ಅಕ್ಷರದಲ್ಲಿ ಬರೆಯಬೇಕು, ಅರ್ಧ ಜಗಳ ಅದರದ್ದೇ. ಕೆಲಸದವರಿಗೆ ಏನಾದರೂ ಆದರೆ ಜವಾಬ್ದಾರಿ ಕಂಟ್ರಾಕ್ಟರದ್ದು ಅಂತಲೂ, ಅವರಿಗೆ ವಿಮೆ ಇದೆಯಾ ಅಂತಲೂ ಬರೆಸಿ.

ಮುಂಗಡ 10ರಿಂದ 20 ಶೇಕಡಾ ಸಾಕು. ಕಲ್ಲು ಸಿಮೆಂಟಿಗೆ ಜಾಸ್ತಿ ಬೇಕು ಅಂದರೆ ಅಂಗಡಿಗೂ ಕೋರೆಗೂ ನೀವೇ ನೇರ ಕೊಡಿ, ಬಿಲ್ ನಿಮ್ಮ ಹೆಸರಿಗೆ ಬರಲಿ. ಪಂಚಾಂಗ ಮುಗಿದಾಗ ಒಂದು ಕಂತು, ಗೋಡೆ ಮುಗಿದಾಗ ಒಂದು, ಗೇಟು ಕೂತಾಗ ಒಂದು. ಕೊನೆಯ 10 ಶೇಕಡಾ ಮೊದಲ ದೊಡ್ಡ ಮಳೆ ನೋಡಿ ಕೊಡುತ್ತೇನೆ ಅಂತ ಮೊದಲೇ ಒಪ್ಪಿಸಿ. ಒಪ್ಪದವರೂ ಇದ್ದಾರೆ, ಆಗ 5ಕ್ಕಾದರೂ ನಿಲ್ಲಿ. ದುಡ್ಡು ಬ್ಯಾಂಕ್ ಮೂಲಕವೇ ಹೋಗಲಿ.

ಕೆಲಸ ನಡೆಯುವಾಗ

ದೀಪಾವಳಿ ಕಳೆದು ತುಲಾಮಳೆ (ಹಿಂಗಾರು ಮಳೆ) ನಿಂತ ಮೇಲೆ ಶುರುಮಾಡಿ, ಏಪ್ರಿಲ್ ನಡುವಿನ ವಿಷುವಿನೊಳಗೆ ಮುಗಿಸುವುದು ಒಳ್ಳೆಯದು. ಮೇ ಕೊನೆಯ ವಾರದ ಹೊತ್ತಿಗೆ ಬರುವ ಪತ್ತನಾಜೆಯ ನಂತರ ಕಲ್ಲಿನ ಕೆಲಸಕ್ಕೆ ಕೈ ಹಾಕುವುದು ಬೇಡವೇ ಬೇಡ. ಮಾರ್ಚ್ ಏಪ್ರಿಲ್‌ನಲ್ಲಿ ಬಾವಿಯ ನೀರು ತಳ ಸೇರುವ ಮನೆಗಳವರು ಗೋಡೆಗೆ ನೀರು ಹಾಕುವುದಕ್ಕೇ ಟ್ಯಾಂಕರ್ ತರಿಸಬೇಕಾಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಟ್ಟುವ ಮೊದಲು ಕಲ್ಲು ನೆನೆಯಬೇಕು, ಒಣಕಲ್ಲು ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ. ಕಟ್ಟಿದ ಮೇಲೆ ಕನಿಷ್ಠ 7 ದಿನ, ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟ್ ಆದರೆ 10 ದಿನ ನೀರು ಹಾಕಬೇಕು. ಈ ಕೆಲಸ ಕಂಟ್ರಾಕ್ಟರದ್ದು ಅಂತ ಕಾಗದದಲ್ಲಿ ಇದ್ದರೂ ಪೈಪ್ ಹಿಡಿಯುವುದು ಮನೆಯವರೇ.

ಮೊದಲ ವರಸೆ ಇಡುವ ದಿನ ಮಾತ್ರ ರಜೆ ಹಾಕಿಯಾದರೂ ಅಲ್ಲಿರಿ. ಹುರಿ ಗಡಿಯಿಂದ ಎಷ್ಟು ಒಳಗಿದೆ ಅಂತ ಎರಡೂ ತುದಿಯಲ್ಲಿ ಮತ್ತು ನಡುವಿನಲ್ಲಿ ಅಳೆಯಿರಿ. ನೆರೆಯವರೂ ಬಂದು ನೋಡಲಿ. ಆಮೇಲೆ ದಿನಾ ಹೋಗಿ ಮೇಸ್ತ್ರಿಯ ತಲೆ ತಿನ್ನಬೇಕಾಗಿಲ್ಲ. ಸಂಜೆ ಒಮ್ಮೆ ತೂಗುಗುಂಡು ಇಳಿಬಿಟ್ಟು ಗೋಡೆ ನೇರ ಇದೆಯಾ, ಸಂದುಗಳು ಒಂದರ ಮೇಲೊಂದು ಸಾಲಾಗಿ ಬಂದಿಲ್ಲವಾ ಅಂತ ನೋಡಿದರೆ ಸಾಕು. ಮೇಲಿನ ವರಸೆಯ ಮೇಲೆ ಎರಡು ಇಂಚು ಕಾಂಕ್ರೀಟ್ ಟೋಪಿ, ಒಂದು ಬದಿಗೆ ಸ್ವಲ್ಪ ಇಳಿಜಾರಾಗಿ. ಇಳಿಜಾರು ನಿಮ್ಮ ಕಡೆಗೇ ಇರಲಿ.

ಕೆಲಸ ಮುಗಿದ ಮೇಲೆ ಅಳತೆ ಇಬ್ಬರೂ ಸೇರಿ ಮಾಡಿ. ಬಿಲ್ ಬರುವುದು ಆ ಅಳತೆಗೆ, ಕೊಟೇಶನ್ನಿನ ಅಳತೆಗೆ ಅಲ್ಲ. ಜೂನ್‌ನಲ್ಲಿ ಜೋರು ಮಳೆ ಬಂದ ದಿನ ಕೊಡೆ ಹಿಡಿದು ಒಂದು ಸುತ್ತು ಹೋಗಿ. ಪ್ರತಿ ಪೈಪಿನಲ್ಲೂ ನೀರು ಬರುತ್ತಿದೆಯಾ, ಬುಡದ ಮಣ್ಣು ಕೊಚ್ಚಿ ಹೋಗುತ್ತಿದೆಯಾ, ಗೋಡೆಯಲ್ಲಿ ಓರೆ ಬಿರುಕು ಇದೆಯಾ ಅಂತ ನೋಡಿ ಫೋಟೋ ಸಮೇತ ಕಂಟ್ರಾಕ್ಟರಿಗೆ ಕಳಿಸಿ. ಕೈಯಲ್ಲಿ ಉಳಿಸಿಕೊಂಡ 10 ಶೇಕಡಾ ಇರುವುದರಿಂದ ಫೋನ್ ಎತ್ತುತ್ತಾರೆ. ಎತ್ತದಿದ್ದರೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗ ಇದೆ. 2 ವರ್ಷದೊಳಗೆ ದೂರು ಕೊಡಬೇಕು, ಕೊಟ್ಟ ಮೊತ್ತ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ, ವಕೀಲರು ಬೇಕೇಬೇಕು ಅಂತಲೂ ಇಲ್ಲ. ಸಹಿ ಹಾಕಿದ ಕಾಗದ, ಬ್ಯಾಂಕ್ ದಾಖಲೆ, ಫೋಟೋ ಮೂರೂ ಒಂದು ಫೈಲಿನಲ್ಲಿ ತಗೊಂಡು ಹೋಗಿ.